ಬಾಲ್ ಇಲ್ಲದ ಮ್ಯಾಚಿಗೆ ಜನ ಬೇಕಾಗಿದ್ದಾರೆ

ಕ್ರಿಕೆಟ್ ಮ್ಯಾಚ್ ಇರುವ ಒಂದು ಸಿನಿಮಾ ತೆಗೆಯಬೇಕು ಅಂದುಕೊಳ್ಳಿ. ಯಾವುದನ್ನು ಹೊಂದಿಸುವುದು ಎಲ್ಲಕ್ಕಿಂತ ಕಷ್ಟ? ಆಗ ಹೊರಗೆ ಚಹಾ ಕುಡಿಯುವಾಗ ನಿಮ್ಮಲ್ಲಿ ಕೆಲವರನ್ನು ಕೇಳಿದೆ. ಒಬ್ಬರು ದುಡ್ಡು ಅಂದರು. ಇನ್ನೊಬ್ಬರು ಸರಿಯಾಗಿ ಬ್ಯಾಟ್ ಹಿಡಿಯಲು ಬರುವ ಹೀರೋ ಅಂದರು. ಫಿಲ್ಮ್ ಕ್ಲಬ್ಬಿನ ಹುಡುಗಿಯೊಬ್ಬಳು ಮೈದಾನದ ಪರ್ಮಿಷನ್ ಅಂದಳು. ಅದೂ ಸುಳ್ಳಲ್ಲ. ನನ್ನ ಉತ್ತರ ಬೇರೆ. ಮ್ಯಾಚ್ ನೋಡುವ ಜನ. ಆಟ ಗೊತ್ತಿರುವ, ಬಿಸಿಲಲ್ಲಿ ಕೂತು ಅಭ್ಯಾಸ ಇರುವ, ಯಾರೂ ಹೇಳದೆ ಸರಿಯಾದ ಹೊತ್ತಿಗೆ ಎದ್ದು ನಿಲ್ಲುವ ಜನ. ಇವತ್ತು ನಾನು ಮಾತಾಡುವುದೆಲ್ಲ ಅವರ ಬಗ್ಗೆ.

ನಾನು ಸಿನಿಮಾದವನಲ್ಲ. ಹೇಳಿಕೊಳ್ಳುವಂಥ ಕ್ರಿಕೆಟ್ ಆಡಿದವನೂ ಅಲ್ಲ. ನೋಡುವವನು. ಬ್ಯಾಂಕಿನ ಕೆಲಸದಲ್ಲಿದ್ದಾಗ ಭಾನುವಾರ, ಈಗ ನಿವೃತ್ತಿಯಾದ ಮೇಲೆ ಯಾವ ವಾರವಾದರೂ ಸರಿ, ನೆಹರೂ ಮೈದಾನದಲ್ಲಿ ಸ್ಟಂಪ್ ನೆಟ್ಟದ್ದು ಕಂಡರೆ ನಾನು ಅಲ್ಲಿರುತ್ತೇನೆ. ಮಂಗಳೂರಿನವರಿಗೆ ಆ ಮೈದಾನದ ಬಗ್ಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಓದಲು ಬಂದ ಮಕ್ಕಳು ಇಲ್ಲಿ ಜಾಸ್ತಿ ಕಾಣುತ್ತಿದ್ದೀರಿ, ಅದಕ್ಕೆ ಹೇಳುತ್ತೇನೆ. ಹಳಬರ ಬಾಯಲ್ಲಿ ಅದು ಸೆಂಟ್ರಲ್ ಮೈದಾನ. ಪಕ್ಕದಲ್ಲೇ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್, ಸ್ವಲ್ಪ ಆಚೆ ಟೌನ್‌ಹಾಲ್. ಸುರತ್ಕಲ್‌ನ ಎನ್‌ಐಟಿಕೆ ಕ್ಯಾಂಪಸ್ಸಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಹುಡುಗನಾಗಿದ್ದಾಗ ಅಭ್ಯಾಸಕ್ಕೆ ಬರುತ್ತಿದ್ದದ್ದು ಇದೇ ಮೈದಾನಕ್ಕೆ. ನಮ್ಮ ಜಿಲ್ಲೆಯ ಹೆಸರು ಹೇಳುವಾಗ ನಾನು ಇನ್ನೊಬ್ಬರನ್ನೂ ಸೇರಿಸುತ್ತೇನೆ. ಮೂಲ್ಕಿಯಲ್ಲಿ ಹುಟ್ಟಿದ ವಿಕೆಟ್ ಕೀಪರ್ ಬುಧಿ ಕುಂದರನ್. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ರನ್ ಹೊಡೆದವರು. ಈಗಿನ ಹುಡುಗರಿಗೆ ಅವರ ಹೆಸರೇ ಗೊತ್ತಿಲ್ಲ, ಅದು ಬೇಸರದ ವಿಷಯ.

ಆಟಗಾರರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಆದರೆ ಅವರು ಚಿಕ್ಕವರಿದ್ದಾಗ ಮೈದಾನದ ಅಂಚಿನಲ್ಲಿ ನಿಂತು, "ಈ ಹುಡುಗನ ಕೈ ಚೆನ್ನಾಗಿದೆ, ನೋಡ್ತಾ ಇರಿ" ಅಂತ ಪಕ್ಕದವನಿಗೆ ಹೇಳಿದವರೂ ಇದ್ದರಲ್ಲ. ಅವರು ಯಾವ ಸ್ಕೋರ್ ಬುಕ್ಕಿನಲ್ಲೂ ಇರುವುದಿಲ್ಲ. ಅಂಥವರ ಬೆಲೆ ಏನು ಅಂತ ನನಗೆ ಸ್ಪಷ್ಟವಾಗಿ ಕಂಡದ್ದು ಮ್ಯಾಚಿನಲ್ಲಲ್ಲ, ಒಂದು ಶೂಟಿಂಗಿನಲ್ಲಿ.

ಮಳೆ ಹೋಗಿ ನೆಲ ಗಟ್ಟಿಯಾದ ಮೇಲೆ ನಮ್ಮ ಕಡೆ ಆಟದ ಕಾಲ. ಅಂಥ ಒಂದು ಬೆಳಿಗ್ಗೆ ಬಸ್ಸಿಳಿದು ಮೈದಾನದ ಕಡೆ ಹೋಗುತ್ತಿದ್ದೆ. ದೂರದಿಂದಲೇ ಜನರೇಟರ್ ವ್ಯಾನಿನ ಸದ್ದು ಕೇಳಿಸಿತು. ಸಾಲಾಗಿ ಟೆಂಪೋಗಳು ನಿಂತಿದ್ದವು. ಮೈದಾನದ ಒಂದೇ ಬದಿಗೆ, ಕಬಡ್ಡಿ ಪಂದ್ಯಾಟಕ್ಕೆ ಹಾಕುತ್ತಾರಲ್ಲ, ಅಂಥ ಕಬ್ಬಿಣದ ಗ್ಯಾಲರಿ ಕಟ್ಟಿದ್ದರು. ಉಳಿದ ಮೂರು ಬದಿ ಖಾಲಿ. ನಡುವೆ ಬಿಳಿ ಡ್ರೆಸ್ಸಿನಲ್ಲಿ ಫೀಲ್ಡರ್‌ಗಳು. ನಾನು ಮೈದಾನ ಕಂಡ ಕೂಡಲೇ ಮೊದಲು ನೋಡುವುದು ಫೀಲ್ಡಿಂಗ್ ಹೇಗೆ ಹಾಕಿದ್ದಾರೆ ಅಂತ. ಅಲ್ಲಿ ಬ್ಯಾಟ್ಸ್‌ಮನ್ನಿನ ಹಿಂದೆ ನಿಲ್ಲುವ ಥರ್ಡ್‌ಮ್ಯಾನ್ ಇಲ್ಲ, ಫೈನ್‌ಲೆಗ್ ಇಲ್ಲ. ಸ್ಲಿಪ್ಪಿನಲ್ಲೂ ಯಾರೂ ಇಲ್ಲ. ಮುಂದುಗಡೆ, ಕವರಿನಿಂದ ಮಿಡ್‌ವಿಕೆಟ್ ತನಕ ಮಾತ್ರ ಜನ ಒತ್ತಾಗಿ ನಿಂತಿದ್ದಾರೆ. ಎಂಥ ಕ್ಯಾಪ್ಟನ್ ಇದು ಅಂದುಕೊಂಡು ಹತ್ತಿರ ಹೋದಾಗ ವಿಷಯ ತಿಳಿಯಿತು. ಕ್ಯಾಮೆರಾ ಎಷ್ಟು ನೋಡುತ್ತದೋ ಅಷ್ಟು ಜಾಗಕ್ಕೆ ಮಾತ್ರ ಫೀಲ್ಡರ್‌ಗಳು.

ಬೆಂಗಳೂರಿನಿಂದ ಬಂದ ಒಬ್ಬ ಅಸಿಸ್ಟೆಂಟ್ ಡೈರೆಕ್ಟರ್ ಹುಡುಗ ನನ್ನ ಹತ್ತಿರ ಓಡಿ ಬಂದ. "ಅಂಕಲ್, ಗ್ಯಾಲರಿಯಲ್ಲಿ ಕೂರ್ತೀರಾ? ಜನ ಸಾಲ್ತಾ ಇಲ್ಲ. ಊಟ ಇಲ್ಲೇ ಆಗುತ್ತೆ." ನನ್ನ ಹಾಗೆಯೇ ಮ್ಯಾಚ್ ಹುಡುಕಿಕೊಂಡು ಬಂದ ನಮ್ಮ ಮೈದಾನದ ಕಾಯಂ ಮಂದಿ ನಾಲ್ಕೈದು ಜನ ಅಲ್ಲೇ ಇದ್ದರು. ಎಲ್ಲರೂ ಹೋಗಿ ಕೂತೆವು. ಸುತ್ತ ಇದ್ದವರು ಹೆಚ್ಚಿನವರು ಜೂನಿಯರ್ ಆರ್ಟಿಸ್ಟ್‌ಗಳು. ದುಡಿಮೆಗಾಗಿ ಬಂದವರು, ಬಿಸಿಲಿಗೆ ಗೊಣಗದೆ ಹೇಳಿದ ಕೆಲಸ ಮಾಡುವವರು. ಅವರ ಬಗ್ಗೆ ನನಗೆ ಗೌರವ ಇದೆ. ಕ್ರಿಕೆಟ್ ಮಾತ್ರ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ.

ಮೊದಲು ತೆಗೆದದ್ದು ಮ್ಯಾಚಿನ ಕೊನೆಯ ಬಾಲ್. ಬೆಳಿಗ್ಗೆ ಒಂಬತ್ತಕ್ಕೇ ಮ್ಯಾಚ್ ಮುಗಿಯಿತು ಅನ್ನಿ! ಹೀರೋ ಸಿಕ್ಸ್ ಹೊಡೆಯಬೇಕು, ನಾವು ಎದ್ದು ಕುಣಿಯಬೇಕು. ಬೌಲರ್ ಓಡಿ ಬಂದ, ಕೈ ತಿರುಗಿಸಿದ. ಕೈಯಲ್ಲಿ ಬಾಲ್ ಇರಲಿಲ್ಲ. ಹೀರೋ ಬ್ಯಾಟ್ ಬೀಸಿದ. ಮೈಕಿನಲ್ಲಿ "ನೋಡಿ, ನೋಡಿ, ಮೇಲೆ ನೋಡಿ" ಅಂತ ಕೂಗಿದರು. ಉದ್ದದ ಬಿದಿರಿನ ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡ ಹುಡುಗನೊಬ್ಬ ಕ್ಯಾಮೆರಾದ ಹಿಂದೆ ಓಡುತ್ತಿದ್ದ. ಆ ಬಟ್ಟೆಯನ್ನೇ ಬಾಲ್ ಅಂತ ತಿಳಿದು ಎಲ್ಲರ ಕಣ್ಣು ಅದರ ಹಿಂದೆ ಹೋಗಬೇಕು.

ಬಾಲ್ ಯಾಕಿಲ್ಲ ಅಂತ ಊಟದ ಹೊತ್ತಿಗೆ ಕ್ಯಾಮೆರಾ ತಂಡದ ಒಬ್ಬ ಹುಡುಗ ನನಗೆ ಬಿಡಿಸಿ ಹೇಳಿದ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮು. ಗಂಟೆಗೆ 130 ಕಿಲೋಮೀಟರ್ ವೇಗದ ಬಾಲ್ ಅಂದರೆ ಸೆಕೆಂಡಿಗೆ 36 ಮೀಟರ್. ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಬಾಲ್ ಒಂದೂವರೆ ಮೀಟರ್ ದಾಟಿರುತ್ತದೆ. ಬೌಲರ್ ಕೈಯಿಂದ ಬ್ಯಾಟಿಗೆ ಬರುವಷ್ಟರಲ್ಲಿ ಹನ್ನೆರಡು ಫ್ರೇಮು ಆಯಿತು, ಅಷ್ಟೇ. ಅಷ್ಟರಲ್ಲಿ ಬಾಲ್ ಬೇಕಾದಲ್ಲೇ ಬೀಳಬೇಕು, ನಟ ಬೇಕಾದ ಹಾಗೇ ಹೊಡೆಯಬೇಕು, ಅದು ಕ್ಯಾಮೆರಾಕ್ಕೆ ಕಾಣುವ ಕಡೆಗೇ ಹೋಗಬೇಕು. ಇಡೀ ದಿನ ಕಾದರೂ ಆಗದೇ ಹೋಗಬಹುದು. ಅದಕ್ಕೇ ಎಷ್ಟೋ ಸಲ ಬಾಲನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ನ್ಯಾಯವಾದ ಮಾತು. ನನಗೆ ಅದರಲ್ಲಿ ತಕರಾರಿಲ್ಲ.

ತೊಂದರೆ ಆದದ್ದು ಗ್ಯಾಲರಿಯಲ್ಲಿ. ಟೇಕ್ ಮೇಲೆ ಟೇಕ್ ಆಯಿತು. ಡೈರೆಕ್ಟರ್ ಮಾನಿಟರ್ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ನನಗೆ ಅವರ ಕಷ್ಟ ಅರ್ಥ ಆಗುತ್ತಿತ್ತು. ಕೆಲವರು ಕೋಲು ಏಳುವ ಮೊದಲೇ ಮೇಲೆ ನೋಡುತ್ತಿದ್ದರು. ಕೆಲವರು ಪಕ್ಕದವರು ತಿರುಗಿದ ಮೇಲೆ ತಿರುಗುತ್ತಿದ್ದರು. ಎಲ್ಲರೂ ಒಂದೇ ಮುಖದಲ್ಲಿ, ಒಂದೇ ಖುಷಿಯಲ್ಲಿ, ಶುರುವಿನಿಂದ ಕೊನೆತನಕ ಕೂಗುತ್ತಿದ್ದರು. ಕೊನೆಗೆ ನಮ್ಮ ಗುಂಪಿನ ಹಿರಿಯರೊಬ್ಬರು, ಬಂದರಿನಲ್ಲಿ ಮಂಡಿ ವ್ಯಾಪಾರ ಇದ್ದವರು, ಎದ್ದು ನಿಂತು ಹೇಳಿದರು: "ಮಾರಾಯ್ರೆ, ಬಾಲೇ ಇಲ್ಲದೆ ಎಲ್ಲಿ ನೋಡುದು? ಒಂದು ಟೆನಿಸ್ ಬಾಲ್ ಹೊಡೀರಿ. ಫೀಲ್ಡರನ್ನೂ ಓಡಿಸಿ. ಮತ್ತೆ ನೀವು ಎಂತ ಹೇಳುದೂ ಬೇಡ."

ಡೈರೆಕ್ಟರ್ ಒಳ್ಳೆಯವರು. ಕೇಳಿದರು. ಯೂನಿಟ್ಟಿನಲ್ಲೇ ಚೆನ್ನಾಗಿ ಆಡುವ ಒಬ್ಬ ಲೈಟ್ ಬಾಯ್ ಕ್ಯಾಮೆರಾದ ಆಚೆ ನಿಂತು ಟೆನಿಸ್ ಬಾಲನ್ನು ಗ್ಯಾಲರಿ ಕಡೆಗೆ ಎತ್ತಿ ಹೊಡೆದ. ಒಬ್ಬ ಹುಡುಗ ಬೌಂಡರಿಯಲ್ಲಿ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋದ. ಒಂದೇ ಟೇಕಿಗೆ ಶಾಟ್ ಓಕೆ ಆಯಿತು. ಆಟ ಗೊತ್ತಿಲ್ಲ ಅಂದೆನಲ್ಲ, ಆ ಜೂನಿಯರ್ ಆರ್ಟಿಸ್ಟ್‌ಗಳ ಮುಖವೂ ಬದಲಾಗಿತ್ತು. ಬಾಲ್ ನಿಜವಾಗಿ ತಲೆ ಮೇಲೆ ಬರುವಾಗ ಯಾರೂ ನಟಿಸಬೇಕಾಗಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಆ ಹಿರಿಯರು "ಫೀಲ್ಡರನ್ನೂ ಓಡಿಸಿ" ಅಂದದ್ದು ಸುಮ್ನೆ ಅಲ್ಲ. ಮುಂದಿನ ಸಲ ಮ್ಯಾಚಿಗೆ ಹೋದಾಗ ಗಮನಿಸಿ. ಬಾಲ್ ಮೇಲೆದ್ದಾಗ ಹೊಸಬ ಬಾಲನ್ನು ನೋಡುತ್ತಾನೆ. ಹಳಬ ಒಂದು ಕ್ಷಣ ಬಾಲ್ ನೋಡಿ, ಕೂಡಲೇ ಬೌಂಡರಿಯಲ್ಲಿರುವ ಫೀಲ್ಡರನ್ನು ನೋಡುತ್ತಾನೆ. ಆ ಫೀಲ್ಡರ್ ಓಡುವುದನ್ನು ಬಿಟ್ಟು ಸುಮ್ಮನೆ ತಲೆ ಎತ್ತಿ ನಿಂತರೆ ಅದು ಸಿಕ್ಸ್. ಕೈ ಜೋಡಿಸಿಕೊಂಡು ನಿಂತರೆ ಕ್ಯಾಚ್. ಇನ್ನೂ ಹಿಂದಕ್ಕೆ ಹೋಗುತ್ತಿದ್ದರೆ ಹೇಳಲಿಕ್ಕಾಗುವುದಿಲ್ಲ, ಉಸಿರು ಬಿಗಿ ಹಿಡಿಯಬೇಕು. ಅದಕ್ಕೇ ಒಳ್ಳೆಯ ಗ್ಯಾಲರಿಯಲ್ಲಿ ಕೂಗು ಒಂದೇ ಸಲ ಏಳುವುದಿಲ್ಲ. ಮೊದಲು ಒಂದು "ಹೋ" ಅಂತ ಶುರುವಾಗಿ, ನಡುವೆ ಸ್ವಲ್ಪ ತಗ್ಗಿ, ಆಮೇಲೆ ಒಡೆಯುತ್ತದೆ. ಆ ತಗ್ಗುವ ಜಾಗ ಇದೆಯಲ್ಲ, ಅದು ಆಟ ಗೊತ್ತಿದ್ದವರ ಜಾಗ.

ಇನ್ನೊಂದು ವಿಷಯ. ಬೌಂಡರಿಯ ಹೊರಗೆ ಕೂತವನಿಗೆ ಬ್ಯಾಟಿನ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು ಪಿಚ್ಚಿನಿಂದ 70 ಮೀಟರ್ ದೂರ ಇದ್ದರೆ ಸೆಕೆಂಡಿನ ಐದರಲ್ಲಿ ಒಂದು ಪಾಲು ತಡ. ಮೊದಲು ಬ್ಯಾಟ್ ಬೀಸಿದ್ದು ಕಾಣುತ್ತದೆ, ಆಮೇಲೆ "ಟಕ್" ಅಂತ ಕೇಳುತ್ತದೆ. ಆ ಸಣ್ಣ ಖಾಲಿಯಲ್ಲಿ ಹಳಬರು ತೀರ್ಮಾನ ಮಾಡಿರುತ್ತಾರೆ. ಬ್ಯಾಟಿನ ನಡುವಿಗೆ ತಾಗಿದ್ದರೆ ಸದ್ದು ಬರುವ ಮೊದಲೇ ಅವರ ಸೊಂಟ ಕುರ್ಚಿಯಿಂದ ಎದ್ದಿರುತ್ತದೆ. ಅಂಚಿಗೆ ತಾಗಿದ ಸದ್ದು ಕೇಳಿದರೆ ಕಣ್ಣು ತಾನಾಗಿ ಕೀಪರ್ ಕಡೆ ಹೋಗುತ್ತದೆ. ಸಿನಿಮಾದಲ್ಲಿ ಚಿತ್ರ, ಸದ್ದು ಎರಡೂ ಅಂಟಿಕೊಂಡೇ ಬರುತ್ತವೆ. ಟಿವಿಯಲ್ಲಿ ಸ್ಟಂಪ್ ಮೈಕಿನ ಸದ್ದು ಕೇಳಿ ಬೆಳೆದ ನಿಮಗೆ ಇದು ಗೊತ್ತಾಗುವುದೇ ಇಲ್ಲ. ಮೈದಾನಕ್ಕೆ ಬನ್ನಿ ಅಂತ ನಾನು ಹೇಳುತ್ತಾ ಇರುವುದು ಇದಕ್ಕೇ.

ಸದ್ದಿನ ವಿಷಯ ಬಂತು, ಒಂದು ಹೇಳುತ್ತೇನೆ. ಮಧ್ಯಾಹ್ನ ಒಂದು ವಿಚಿತ್ರ ಕೆಲಸ ಹೇಳಿದರು. ಹೀರೋ ಮತ್ತು ಅವನ ಕೋಚ್ ಗ್ಯಾಲರಿಯ ಮುಂದೆ ನಿಂತು ಮಾತಾಡುತ್ತಾರೆ. ಹಿಂದೆ ನಾವು ಎದ್ದು, ಕೈ ಬೀಸಿ, ಬಾಯಿ ತೆರೆದು ಕೂಗಬೇಕು. ಆದರೆ ಸದ್ದು ಮಾಡಬಾರದು. ಚಪ್ಪಾಳೆ ತಟ್ಟುವಾಗ ಅಂಗೈ ತಾಗಬಾರದು. ನಟರ ಮಾತು ಅಲ್ಲೇ ರೆಕಾರ್ಡ್ ಆಗಬೇಕಂತೆ, ಕೂಗನ್ನು ಆಮೇಲೆ ಬೇರೆಯಾಗಿ ಸೇರಿಸುತ್ತಾರಂತೆ. ನೀವೇ ಒಮ್ಮೆ ಮಾಡಿ ನೋಡಿ. ಹಾಂ, ಈಗಲೇ ಮಾಡಿ, ಕೂತಲ್ಲೇ. ನೋಡಿದಿರಾ, ಸದ್ದು ನಿಂತ ಕೂಡಲೇ ಮುಖವೂ ಸಪ್ಪೆಯಾಯಿತು. ಗಂಟಲಿನಿಂದ ಬರುವುದು ನಿಂತರೆ ಕಣ್ಣಿಗೂ ಬರುವುದಿಲ್ಲ. ಇಷ್ಟೆಲ್ಲ ಮಾಡಿಯೂ ಸೌಂಡ್ ರೆಕಾರ್ಡಿಸ್ಟಿಗೆ ನೆಮ್ಮದಿ ಇರಲಿಲ್ಲ. ಸ್ಟೇಟ್‌ಬ್ಯಾಂಕಿನಿಂದ ಹೊರಡುವ ಬಸ್ಸಿನ ಹಾರ್ನ್, ಕಂಡಕ್ಟರನ ಸೀಟಿ, "ಕಂಕನಾಡಿ, ಕಂಕನಾಡಿ" ಅಂತ ಕೂಗು. ಅವರು ಹೆಡ್‌ಫೋನ್ ತೆಗೆದು ತೆಗೆದು ಸುಸ್ತಾದರು. ನನಗನ್ನಿಸುವುದು, ಆ ಹಾರ್ನು ಸಿನಿಮಾದಲ್ಲಿ ಉಳಿಯಬೇಕಿತ್ತು. ಆ ಮೈದಾನದಲ್ಲಿ ನಡೆಯುವ ಯಾವ ಮ್ಯಾಚೂ ಬಸ್ಸಿನ ಹಾರ್ನ್ ಇಲ್ಲದೆ ನಡೆದದ್ದಲ್ಲ.

ಜನ ಕಡಿಮೆ ಇರುವಾಗ ಏನು ಮಾಡುತ್ತಾರೆ? ಇದರಲ್ಲಿ ಹಲವು ದಾರಿ ಇವೆ. ನಮ್ಮಲ್ಲಿ ಮಾಡಿದ್ದು ಹೀಗೆ: ಕ್ಯಾಮೆರಾ ಅಲ್ಲಾಡದ ಹಾಗೆ ನಿಲ್ಲಿಸಿ, ನಮ್ಮನ್ನು ಗ್ಯಾಲರಿಯ ಎಡಕ್ಕೆ ಕೂರಿಸಿ ತೆಗೆದರು. ಅಂಗಿ ಬದಲಿಸಿ, ಟೋಪಿ ಕೊಟ್ಟು ನಡುವೆ ಕೂರಿಸಿ ತೆಗೆದರು. ಮತ್ತೆ ಬಲಕ್ಕೆ. ಆಮೇಲೆ ಮೂರನ್ನೂ ಜೋಡಿಸಿದರೆ ಗ್ಯಾಲರಿ ತುಂಬಿತು. ಅಮೆರಿಕದಲ್ಲಿ 2003ರಲ್ಲಿ ಬಂದ ಕುದುರೆ ರೇಸಿನ ಒಂದು ಸಿನಿಮಾಕ್ಕೆ, 'ಸೀಬಿಸ್ಕಿಟ್' ಅಂತ, ಗಾಳಿ ತುಂಬಿದ ಬೊಂಬೆಗಳಿಗೆ ಅಂಗಿ ತೊಡಿಸಿ ನಿಜವಾದ ಜನರ ನಡುನಡುವೆ ಕೂರಿಸಿದ್ದರು. ಸಾವಿರಗಟ್ಟಲೆ ಬೊಂಬೆಗಳು. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಬೊಂಬೆ ಏಳುವುದಿಲ್ಲವಲ್ಲ.

'ಲಗಾನ್' ತಂಡ ನಿಜವಾದ ಜನರನ್ನೇ ತಂದಿತು. 2000ದಲ್ಲಿ ಕಛ್‌ನ ಭುಜ್ ಹತ್ತಿರ ಶೂಟಿಂಗ್. ಕೊನೆಯ ಮ್ಯಾಚಿಗೆ ಸುತ್ತಲಿನ ಊರುಗಳಿಂದ ಸುಮಾರು 10,000 ಜನ ಬಂದು ಕೂತರು. ಬಿಸಿಲಲ್ಲಿ ಅಷ್ಟು ಜನರನ್ನು ಹಿಡಿದಿಡುವುದು ಸುಲಭ ಅಲ್ಲ. ಅವರನ್ನು ಹುರಿದುಂಬಿಸಲು ಆಮೀರ್ ಖಾನ್ ತಾವೇ ಮೈಕ್ ಹಿಡಿದು ಹಾಡಿದರು, ಜನ ಕುಣಿದದ್ದನ್ನು ಕ್ಯಾಮೆರಾ ಹಿಡಿಯಿತು. ಸಿನಿಮಾ ಬಂದದ್ದು 2001ರ ಜೂನಿನಲ್ಲಿ. ಅದಕ್ಕೆ ಮುಂಚೆ, ಅದೇ ವರ್ಷದ ಜನವರಿ 26ರಂದು, ಭೂಕಂಪ ಆ ಪ್ರದೇಶವನ್ನೇ ಕೆಡವಿ ಹಾಕಿತ್ತು. ನಾನು ಆ ಸಿನಿಮಾವನ್ನು ಈಗ ನೋಡುವಾಗ ಹೀರೋನನ್ನು ಬಿಟ್ಟು ಗುಡ್ಡದ ಮೇಲೆ ಕೂತ ಜನರನ್ನೇ ನೋಡುತ್ತೇನೆ. ಭೂಕಂಪಕ್ಕೆ ಮುಂಚಿನ ಭುಜ್ ಅದು. ಪೇಟ ಸುತ್ತಿದ ಅಜ್ಜಂದಿರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ಅವರನ್ನು ಲೆಕ್ಕ ತುಂಬಿಸಲು ಕರೆದಿದ್ದರು. ಈಗ ನನಗೆ ಆ ಸಿನಿಮಾದಲ್ಲಿ ಅವರೇ ಮುಖ್ಯ.

ಇದಕ್ಕಿಂತ ಮುಂದೆ ಹೋದವರೂ ಇದ್ದಾರೆ. ಬೇಸ್‌ಬಾಲ್ ನಮಗೆ ಅಷ್ಟು ಗೊತ್ತಿಲ್ಲ, ಆದರೆ ಈ ಕತೆ ಯಾರಿಗಾದರೂ ಅರ್ಥವಾಗುತ್ತದೆ. ಬಾಸ್ಟನ್ನಿನ ರೆಡ್ ಸಾಕ್ಸ್ ಅನ್ನುವ ಟೀಮು 1918ರ ನಂತರ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿಯ ಫೈನಲ್ ಸರಣಿ, ಗೆದ್ದೇ ಇರಲಿಲ್ಲ. ಅಜ್ಜ, ಅಪ್ಪ, ಮಗ, ಮೂರು ತಲೆಮಾರು ಸೋಲು ನೋಡಿಕೊಂಡೇ ಬಂದಿತ್ತು. 2004ರಲ್ಲಿ ಆ ಟೀಮಿನ ಒಬ್ಬ ಹುಚ್ಚು ಅಭಿಮಾನಿಯ ಬಗ್ಗೆ 'ಫೀವರ್ ಪಿಚ್' ಸಿನಿಮಾ ತೆಗೆಯುತ್ತಿದ್ದರು. ಟೀಮು ಎಂದಿನಂತೆ ಸೋಲುತ್ತದೆ ಅಂತಲೇ ಕತೆ ಬರೆದಿದ್ದರು. ಸೋಲಿನ ಲಕ್ಷಣವೂ ಇತ್ತು. ಫೈನಲ್ಲಿಗೆ ಮುಂಚಿನ ಏಳು ಪಂದ್ಯದ ಸರಣಿಯಲ್ಲಿ ನ್ಯೂಯಾರ್ಕಿನ ಯಾಂಕೀಸ್ ವಿರುದ್ಧ ಮೊದಲ ಮೂರು ಪಂದ್ಯ ಸೋತರು. ಆಮೇಲೆ ನಾಲ್ಕಕ್ಕೆ ನಾಲ್ಕೂ ಗೆದ್ದರು! ಸಿನಿಮಾದವರು ಕತೆಯ ಕೊನೆಯನ್ನು ಬದಲಿಸಬೇಕಾಯಿತು. ಅಕ್ಟೋಬರ್ 27ರ ರಾತ್ರಿ ಸೇಂಟ್ ಲೂಯಿಸ್‌ನಲ್ಲಿ ರೆಡ್ ಸಾಕ್ಸ್ ವರ್ಲ್ಡ್ ಸೀರೀಸ್ ಗೆದ್ದಾಗ, ನಾಯಕ ನಾಯಕಿ ಇಬ್ಬರೂ ನಿಜವಾದ ಮೈದಾನದೊಳಗೆ, ನಿಜವಾಗಿ ಗೆದ್ದು ಕುಣಿಯುತ್ತಿದ್ದ ಆಟಗಾರರ ನಡುವೆ ಓಡಿದರು. ಕ್ಯಾಮೆರಾ ಅವರ ಹಿಂದೆ. ಯೋಚಿಸಿ, ಅಲ್ಲಿದ್ದ ಬಾಸ್ಟನ್ ಅಭಿಮಾನಿಗೆ ಹೇಗನ್ನಿಸಿರಬೇಡ! 86 ವರ್ಷ ಕಾದ ಗೆಲುವು, ಅದರ ನಡುವೆ ಯಾರೋ ಸಿನಿಮಾದವರು ಮುತ್ತು ಕೊಡುತ್ತಿದ್ದಾರೆ. ಕೆಲವರಿಗೆ ಅದು ಸಹಿಸಲಾಗದ ವಿಷಯ. ನನ್ನ ಅಭಿಪ್ರಾಯ ಕೇಳಿದರೆ, ಕತೆ ಆಟಕ್ಕೆ ತಲೆಬಾಗಿತಲ್ಲ, ಅದು ನನಗೆ ಹಿಡಿಸಿತು. ಸೋಲು ಅಂತ ಬರೆದ ಕಾಗದವನ್ನು ಟೀಮು ಹರಿದು ಹಾಕಿತು.

ಇನ್ನು ಉಲ್ಟಾ ಪ್ರಕರಣ. 1983ರ ಜೂನ್ 18, ವಿಶ್ವಕಪ್, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್. ಕಪಿಲ್ ದೇವ್ ಜಿಂಬಾಬ್ವೆ ವಿರುದ್ಧ ಔಟಾಗದೆ 175 ಹೊಡೆದ ಮ್ಯಾಚು. ಭಾರತ 17ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ರೋಜರ್ ಬಿನ್ನಿ 22 ಹೊಡೆದು ಸ್ವಲ್ಪ ನಿಂತರು. ಕೊನೆಯಲ್ಲಿ ನಮ್ಮ ಸೈಯದ್ ಕಿರ್ಮಾನಿ 24 ರನ್ನಿನೊಂದಿಗೆ ಔಟಾಗದೆ ಉಳಿದರು, ಕಪಿಲ್ ಜೊತೆ ಮುರಿಯದ ಒಂಬತ್ತನೇ ವಿಕೆಟ್ಟಿಗೆ 126 ರನ್. ಅದರ ವಿಡಿಯೊ ಇಲ್ಲ. ಇಷ್ಟು ದೊಡ್ಡ ಇನಿಂಗ್ಸ್, ನೋಡಲಿಕ್ಕೆ ಏನೂ ಉಳಿದಿಲ್ಲ. 2021ರಲ್ಲಿ ಬಂದ '83' ಸಿನಿಮಾದಲ್ಲಿ ಅದನ್ನು ಮತ್ತೆ ಕಟ್ಟಿದರು. ಇವತ್ತಿನ ಹುಡುಗರಿಗೆ ಆ ಇನಿಂಗ್ಸ್ ಅಂದರೆ ಆ ಸಿನಿಮಾದ ದೃಶ್ಯವೇ. ಸ್ಕೋರ್ ಕಾರ್ಡಿನಿಂದ 16 ಫೋರು, 6 ಸಿಕ್ಸು ಅಂತ ಲೆಕ್ಕ ಸಿಗುತ್ತದೆ. 17ಕ್ಕೆ 5 ಆದಾಗ ಅಂಚಿನಲ್ಲಿ ಕೂತಿದ್ದ ನಮ್ಮವರು ಎದ್ದು ಹೋಗುವ ಯೋಚನೆ ಮಾಡಿದರಾ, ಯಾವ ಶಾಟಿಗೆ ಮತ್ತೆ ಕೂತರು, ಇದೆಲ್ಲ ಸ್ಕೋರ್ ಕಾರ್ಡಿನಲ್ಲಿ ಸಿಗುವುದಿಲ್ಲ. ಅದು ಅಲ್ಲಿ ಕೂತಿದ್ದವರ ಹತ್ತಿರ ಮಾತ್ರ ಇರುತ್ತದೆ.

ಸಿನಿಮಾದ ಮೇಲೆ ನನಗೆ ಸಿಟ್ಟಿದೆ ಅಂತ ತಿಳಿಯಬೇಡಿ. ಆ ದಿನ ಸಾಯಂಕಾಲ ಮಾನಿಟರಿನಲ್ಲಿ ಒಂದು ಶಾಟ್ ತೋರಿಸಿದರು. ಸ್ಪಿನ್ ಬೌಲರನ ಕೈ, ತುಂಬಾ ಹತ್ತಿರದಿಂದ, ನಿಧಾನಗತಿಯಲ್ಲಿ. ಅದು ನಿಜವಾದ ಬೌಲರ್, ನಿಜವಾದ ಬಾಲ್. ತೋರುಬೆರಳಿನ ಪಕ್ಕದ ಚರ್ಮ ಗಟ್ಟಿಯಾಗಿ, ಒಡೆದು, ಅದರ ಮೇಲೆ ಹಳೆಯ ಗಾಯದ ಗೆರೆ. ಬಾಲಿನ ಹೊಲಿಗೆ ಆ ಗೆರೆಯ ಮೇಲೆಯೇ ಉಜ್ಜಿ ಹೋಗುತ್ತದೆ. ಇಷ್ಟು ವರ್ಷ ಹಗ್ಗದ ಆಚೆ ಕೂತು ಸ್ಪಿನ್ ನೋಡಿದ್ದೇನೆ. ಆ ಬೆರಳನ್ನು ನೋಡಿರಲಿಲ್ಲ. ಅದನ್ನು ತೋರಿಸಿದ್ದಕ್ಕೆ ಆ ಕ್ಯಾಮೆರಾದವರಿಗೆ ನಾನು ಋಣಿ.

ಕಾಸ್ಟ್ಯೂಮ್ ಹುಡುಗನ ಜೊತೆಗೂ ಒಂದು ಮಾತುಕತೆ ಆಯಿತು. ಅವನ ಕೈಯಲ್ಲಿ ಒಂದು ಮಗ್, ಅದರಲ್ಲಿ ನಮ್ಮ ಕೆಂಪು ಮಣ್ಣು ಕಲಸಿದ ನೀರು. ಹೀರೋ ರನ್ ಓಡಿ ಡೈವ್ ಹೊಡೆದ ನಂತರದ ದೃಶ್ಯ. ಅವನು ಮೊಬೈಲಿನಲ್ಲಿ ಹಿಂದಿನ ಫೋಟೊ ನೋಡಿಕೊಂಡು ಹೀರೋನ ಎರಡು ಮೊಣಕಾಲಿಗೂ ಮಣ್ಣು ಹಚ್ಚುತ್ತಿದ್ದ. ನಾನು ಹೇಳಿದೆ, ತಮ್ಮ, ಕ್ರೀಸಿಗೆ ಬ್ಯಾಟ್ ಚಾಚಿ ಬೀಳುವವನಿಗೆ ಮೊದಲು ಎದೆ ಮತ್ತು ಮೊಣಕೈ ತಾಗುತ್ತದೆ. ಕೆಳಗೆ ಪ್ಯಾಡ್ ಇದೆಯಲ್ಲ, ಮೊಣಕಾಲಿನ ಬಟ್ಟೆಗೆ ಮಣ್ಣು ಬರಲಿಕ್ಕೆ ಜಾಗವೇ ಇಲ್ಲ. ಅವನು ಒಂದು ಕ್ಷಣ ನನ್ನನ್ನು ನೋಡಿ, ಓಡಿ ಹೋಗಿ ಯಾರನ್ನೋ ಕೇಳಿ ಬಂದು, ಎದೆಗೆ ಹಚ್ಚಿದ. ಆರ್ಟ್ ಡಿಪಾರ್ಟ್‌ಮೆಂಟಿನವರು ಗ್ಯಾಲರಿ ಪಕ್ಕ ಪಾಪ್‌ಕಾರ್ನ್ ಗಾಡಿ ತಂದು ನಿಲ್ಲಿಸಿದ್ದರು. ನಮ್ಮವರೇ ಹೋಗಿ, ಇಲ್ಲಿ ಮ್ಯಾಚ್ ನೋಡುವಾಗ ಯಾರೂ ಪಾಪ್‌ಕಾರ್ನ್ ತಿನ್ನುವುದಿಲ್ಲ, ಚರ್ಮುರಿಯವನನ್ನು ಕರೆಯಿರಿ ಅಂದರು. ಹೊರಗೆ ಗೇಟಿನಲ್ಲಿ ತಡೆದು ನಿಲ್ಲಿಸಿದ್ದ ಚರ್ಮುರಿ ಗಾಡಿ ಒಳಗೆ ಬಂತು. ಶಾಟಿನಲ್ಲಿ ಅವರೂ ಇದ್ದಾರೆ, ದಿನದ ವ್ಯಾಪಾರವೂ ಆಯಿತು.

ಸಿನಿಮಾ ಮಾಡಲು ಹೊರಟ ಮಕ್ಕಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೈದಾನಕ್ಕೆ ಹೋದರೆ ಮೊದಲು ಪಿಚ್ ನೋಡಿಕೊಳ್ಳುವವರನ್ನು ಭೇಟಿ ಮಾಡಿ. ಪರ್ಮಿಷನ್ ಕಾಗದ ಬೇರೆ ಆಫೀಸಿನಿಂದ ಬರುತ್ತದೆ, ಸರಿ. ನೆಲದ ಹದ ಗೊತ್ತಿರುವುದು ಅವರಿಗೆ. ಆ 22 ಗಜವನ್ನು ನೀರು ಹಾಕಿ, ರೋಲರ್ ಎಳೆದು, ಒಣಗಿಸಿ ತಯಾರು ಮಾಡಲು ದಿನಗಟ್ಟಲೆ ಬೇಕು. ಹಾಳು ಮಾಡಲು ಕ್ರೇನಿನ ಒಂದು ಚಕ್ರ ಸಾಕು. ಆ ದಿನ ನಮ್ಮ ಮೈದಾನದವರು ಬೆಳಕು ಹರಿಯುವ ಮೊದಲೇ ಬಂದು ಪಿಚ್ ಸುತ್ತ ಹಗ್ಗ ಕಟ್ಟಿದ್ದರು. ಕ್ಯಾಮೆರಾ ಟ್ರಾಲಿಯ ಹಳಿಯನ್ನು ಅದರಿಂದ ಆಚೆಗೇ ಹಾಕಿಸಿದರು. ಯೂನಿಟ್ಟಿನವರು ವಾದ ಮಾಡಲಿಲ್ಲ. ಅದರ ಮರುವಾರ ಅಲ್ಲಿ ಮ್ಯಾಚ್ ನಡೆಯಿತು, ಬಾಲ್ ಎಲ್ಲೂ ತಪ್ಪಾಗಿ ಏಳಲಿಲ್ಲ.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ಮಂಗಳೂರು, ಉಡುಪಿ ಕಡೆ ಅಂಡರ್‌ಆರ್ಮ್ ಕ್ರಿಕೆಟ್, ಅಂದರೆ ಕೈಯನ್ನು ಭುಜದಿಂದ ಕೆಳಗೇ ಬೀಸಿ ಬಾಲ್ ಹಾಕುವ ಆಟ, ಎಷ್ಟು ದೊಡ್ಡದು ಅಂತ ಇಲ್ಲಿಯವರಿಗೆ ಗೊತ್ತು. ಕೊಯ್ಲಾದ ಮೇಲೆ ಬಾಕಿಮಾರು ಗದ್ದೆಯಲ್ಲಿ ಹೊನಲು ಬೆಳಕಿನ ಪಂದ್ಯಾಟ. ಜಾಗ ಚಿಕ್ಕದು, ಬೌಂಡರಿ ಹತ್ತಿರ, ಜನ ಹಗ್ಗದ ಮೇಲೆಯೇ ಬಿದ್ದಿರುತ್ತಾರೆ. ವೇದಿಕೆಯಲ್ಲಿ ಸಾಲಾಗಿ ಟ್ರೋಫಿಗಳು. ವೀಕ್ಷಕ ವಿವರಣೆಯವರು ಒಂದೇ ಉಸಿರಿನಲ್ಲಿ ತುಳು, ಕನ್ನಡ ಎರಡನ್ನೂ ಸೇರಿಸಿ ಬ್ಯಾಟ್ಸ್‌ಮನ್ನನ್ನೂ, ಅವನ ಊರನ್ನೂ, ಅವನು ಹೋದ ವರ್ಷ ಎಲ್ಲಿ ಆಡಿದ ಅನ್ನುವುದನ್ನೂ ಹೇಳಿ ಮುಗಿಸುತ್ತಾರೆ. ಈಗ ಇದೆಲ್ಲ ಯೂಟ್ಯೂಬಿನಲ್ಲಿ ಲೈವ್ ಬರುತ್ತದೆ. ಒಳ್ಳೆಯದೇ. ಆದರೆ ಕ್ಯಾಮೆರಾ ಎಲ್ಲ ಪಿಚ್ ಕಡೆ. ಗದ್ದೆಯ ಬದುವಿನ ಮೇಲೆ ಕಂಬಳಿ ಹೊದ್ದು ಕೂತ ಅಜ್ಜಿಯನ್ನು ಯಾರೂ ತೆಗೆಯುವುದಿಲ್ಲ. ಮೊಮ್ಮಗ ಬ್ಯಾಟಿಂಗಿಗೆ ಬಂದಾಗ ಆಕೆ ಕಣ್ಣು ಮುಚ್ಚುತ್ತಾರೆ, ಸದ್ದು ಕೇಳಿ ತೆರೆಯುತ್ತಾರೆ. ನಾಳೆ ಯಾರಾದರೂ ಈ ಆಟದ ಬಗ್ಗೆ ಸಿನಿಮಾ ತೆಗೆಯಲು ಹೊರಟರೆ, ಜೂನಿಯರ್ ಆರ್ಟಿಸ್ಟ್‌ಗಳಿಗೆ ಏನು ಹೇಳಿಕೊಡುತ್ತಾರೆ? ಯಾವುದನ್ನು ನೋಡಿ ಕಲಿಯುತ್ತಾರೆ?

ಮಾತು ಮುಗಿದ ಮೇಲೆ ಚೀಟಿಯಲ್ಲಿ ಒಂದು ಪ್ರಶ್ನೆ ಬಂತು. "ಸರ್, ಹಾಗಾದರೆ ಗ್ಯಾಲರಿಯನ್ನು ಶೂಟ್ ಮಾಡುವುದು ಹೇಗೆ? ಜನ ಕ್ಯಾಮೆರಾ ನೋಡಿ ಕೈ ಬೀಸುತ್ತಾರಲ್ಲ?" ಒಳ್ಳೆಯ ಪ್ರಶ್ನೆ. ಬೀಸುತ್ತಾರೆ, ಮೊದಲ ಒಂದೆರಡು ಓವರ್. ಆಮೇಲೆ ಮ್ಯಾಚ್ ಬಿಗಿಯಾದರೆ ನಿಮ್ಮನ್ನು ಮರೆತುಬಿಡುತ್ತಾರೆ. ಅದಕ್ಕೇ ಬೇಗ ಹೋಗಿ, ತಡವಾಗಿ ತೆಗೆಯಿರಿ. ಕೂತವರ ಹತ್ತಿರ ಮೊದಲೇ ಕೇಳಿಕೊಳ್ಳಿ, ಬೇಡ ಅಂದವರನ್ನು ಬಿಡಿ. ಅವರ ಮುಖಕ್ಕೆ ಬೇರೆ ಲೈಟ್ ಹಾಕಬೇಡಿ, ಮೈದಾನದ ಬೆಳಕೇ ಸಾಕು. ಹಗ್ಗದ ಹತ್ತಿರ ಸ್ಟ್ಯಾಂಡ್ ಹಾಕಿ ಕ್ಯಾಮೆರಾದ ಬೆನ್ನನ್ನು ಪಿಚ್ಚಿಗೆ ತಿರುಗಿಸಿ. ನಿಮಗೆ ಆಟ ಕಾಣುವುದಿಲ್ಲ, ಅದು ಕಷ್ಟ, ಗೊತ್ತು. ಒಂದು ಓವರ್ ಪೂರ್ತಿ ಕಟ್ ಮಾಡದೆ ತೆಗೆಯಿರಿ. ಆರು ಬಾಲ್, ಹೆಚ್ಚೆಂದರೆ ನಾಲ್ಕು ನಿಮಿಷ. ಬಾಲಿನ ನಡುವೆ ಜನ ಏನು ಮಾಡುತ್ತಾರೆ ಅನ್ನುವುದೂ ಬೇಕು. ಓವರ್ ಮುಗಿದ ಕೂಡಲೇ ಸ್ಕೋರರ್ ಹತ್ತಿರ ಓಡಿ ಹೋಗಿ ಓವರ್ ನಂಬರ್, ಆರು ಬಾಲಿಗೆ ಏನೇನಾಯಿತು ಅಂತ ಬರೆದುಕೊಳ್ಳಿ. ಅದಿಲ್ಲದಿದ್ದರೆ ಆಮೇಲೆ ಯಾವ ಮುಖ ಯಾವ ಬಾಲಿಗೆ ಅಂತ ತಿಳಿಯುವುದಿಲ್ಲ. ಈ ಸೀಸನ್‌ನಲ್ಲಿ ಯಾರಾದರೂ ತೆಗೆದರೆ ನನಗೂ ತೋರಿಸಿ. ಸ್ಕೋರ್ ಮುಚ್ಚಿಟ್ಟು, ಬರೀ ಜನರನ್ನು ನೋಡಿ ಪ್ರತಿ ಬಾಲಿಗೆ ಏನಾಯಿತು ಅಂತ ನಾವು ಹಳಬರು ಹೇಳುತ್ತೇವೆ. ನೀವು ಚೀಟಿ ನೋಡಿ ಸರಿಯಾ ತಪ್ಪಾ ಅಂತ ಹೇಳಿ.